ಠಕೂಬಾಯಿಯ ಮತ ಬೀಳುವವರೆಗೆ

ಮೊದಲೇ ಹೇಳಿಬಿಡುತ್ತೇನೆ, ನನ್ನ ನೌಕರಿ ಹೋಗಲಿಲ್ಲ. ಇಷ್ಟು ಹೇಳಿದ ಮೇಲೆ ನೀವೂ ಆರಾಮ ಕೂತು ಕೇಳಬಹುದು, ನಾನೂ ಆರಾಮ ಹೇಳಬಹುದು.

ನಾನು ದಮಯಂತಿ. ಡೊಂಬಿವಲಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷದಿಂದ ಟೀಚರ್. ನಿವೃತ್ತಿಗೆ ಇನ್ನು ಹದಿನಾಲ್ಕು ತಿಂಗಳು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ನನ್ನ ಗಂಡ ಗುಣಪಾಲ ಎಂಐಡಿಸಿಯ ಕಾರ್ಖಾನೆಗಳ ನಡುವಿನ ತಮ್ಮ ಹೋಟೆಲಿನ ಗಿರಾಕಿಗಳಿಗೂ ಹೇಳಿಟ್ಟಿದ್ದಾರೆ. ಇರಲಿ. ಈ ಸಲದ ಲೋಕಸಭಾ ಚುನಾವಣೆಗೆ ನನ್ನನ್ನು ಮತಗಟ್ಟೆಯ ಮುಖ್ಯ ಅಧಿಕಾರಿ ಮಾಡಿ ಕರವಂದವಾಡಿಗೆ ಹಾಕಿದರು. ಕಲ್ಯಾಣದಿಂದ ಮೂರು ಗಂಟೆ ಬಸ್ಸು, ಆಮೇಲೆ ಜೀಪು, ಆಮೇಲೆ ಮೆಷಿನ್ ಹೊತ್ತುಕೊಂಡು ಗುಡ್ಡ ಹತ್ತಬೇಕು. ಹೆಸರಿಗೆ ಒಂದೇ ಕ್ಷೇತ್ರ ಮಾರಾಯ್ರೆ. ಒಂದು ತುದಿಯಲ್ಲಿ ಲಿಫ್ಟ್ ಕೆಟ್ಟರೆ ಮತ ಹಾಕಲು ಇಳಿಯದ ಸೊಸೈಟಿಗಳು, ಇನ್ನೊಂದು ತುದಿಯಲ್ಲಿ ಕುಡಿಯುವ ನೀರಿಗೆ ಟ್ಯಾಂಕರ್ ಕಾಯುವ ವಾಡಿಗಳು, ಅಂದರೆ ಗುಡ್ಡದ ಪುಟ್ಟ ಹಳ್ಳಿಗಳು. ಈ ವಾಡಿಯಲ್ಲಿ ಮತದಾರರು ಇನ್ನೂರ ಹನ್ನೆರಡು ಜನ.

ಮತದಾನ ಶುರುವಾಗುವುದು ಏಳಕ್ಕೆ. ಅದಕ್ಕೂ ಮೊದಲು ಅಣಕು ಮತದಾನ ಆಗಬೇಕು. ಪಕ್ಷದ ಏಜೆಂಟರ ಎದುರು ಐವತ್ತು ಸುಳ್ಳು ಮತ ಒತ್ತಿ, ಮೆಷಿನ್ ಸರಿಯಿದೆ ಎಂದು ತೋರಿಸಿ, ಅಷ್ಟನ್ನೂ ಅಳಿಸಿ, ಅರಗು ಹಾಕಿ ಸೀಲ್ ಮಾಡಬೇಕು. ಎಲ್ಲ ಮಾಡಿದೆ ಎಂದೇ ನಾನು ತಿಳಿದಿದ್ದೆ. ಸೀಲ್ ಹಾಕುವಾಗ ಮೇಣದಬತ್ತಿ ಗಾಳಿಗೆ ನಾಲ್ಕು ಸಲ ಆರಿತು. ಐದನೆಯ ಸಲ ಬಿಸಿ ಅರಗು ನನ್ನ ಹೆಬ್ಬೆರಳಿನ ಮೇಲೆಯೇ ಬಿತ್ತು. ಗಾಳಿಗೂ ಅರಗಿಗೂ ನನ್ನನ್ನು ಇಲ್ಲಿಗೆ ಕಳಿಸಿದವರಿಗೂ ತುಳುವಿನಲ್ಲಿ ಬೈದೆ. ನನ್ನ ಜೊತೆಗಿದ್ದ ಅಧಿಕಾರಿ ಶಂಕ್ರೆಪ್ಪ, ಕಲ್ಯಾಣದಲ್ಲಿ ಗುಮಾಸ್ತರು, ವಿಜಯಪುರ ಕಡೆಯವರು. ಅರ್ಥವಾಗದಿದ್ದರೂ ನಕ್ಕರು.

ಏಳಾಯಿತು, ಎಂಟಾಯಿತು. ಅಂಗಳದ ಮರದ ಕೆಳಗೆ ನಲವತ್ತು ಜನ ಗುರುತಿನ ಚೀಟಿ ಹಿಡಿದು ಕೂತಿದ್ದಾರೆ, ಒಬ್ಬರೂ ಒಳಗೆ ಬರುವುದಿಲ್ಲ. ಬನ್ನಿ ಎಂದು ಕರೆದೆ. ನಕ್ಕು ತಲೆಯಾಡಿಸಿದರು. ಒಂಬತ್ತಕ್ಕೆ, ಫೋನಿಗೆ ರೇಂಜ್ ಸಿಗುವ ಒಂದೇ ಬಂಡೆಯ ಮೇಲೆ ನಿಂತು, ಮೇಲಧಿಕಾರಿ ಯಶ್ವಂತ್ ಸಾಹೇಬರಿಗೆ ವರದಿ ಕೊಟ್ಟೆ: ಸೊನ್ನೆ. “ಬಹಿಷ್ಕಾರವೇ? ನೀವು ಅವರ ಹತ್ತಿರ ಏನಾದರೂ ಜಗಳ ಆಡಿದಿರಾ?” ಎಂದು ಕೇಳಿದರು. ನನ್ನ ಕೀರ್ತಿ ಅಲ್ಲಿಗೂ ಮುಟ್ಟಿತ್ತು.

“ಅಕ್ಕಾರ, ಸಿಟ್ಟು ಮಾಡ್ಕೋಬ್ಯಾಡ್ರಿ,” ಎಂದರು ಶಂಕ್ರೆಪ್ಪ. “ಇವ್ರು ಯಾರನ್ನೋ ಕಾಯಾಕತ್ತಾರ.”

ಮಂಡೆ ಬಿಸಿಯಾಗಿ, ಏಜೆಂಟ್ ಹರಿಶ್ಚಂದ್ರನನ್ನು ಹಿಡಿದು ಕೇಳಿದೆ. ಅದೇ ವಾಡಿಯ ನಡುವಯಸ್ಸಿನ ಮನುಷ್ಯ.

“ಠಕೂ ಆಜಿ ಬರಬೇಕು ಬಾಯಿ,” ಎಂದ. ಇಲ್ಲಿ ಟೀಚರಿಗೆ ಬಾಯಿ, ಅಜ್ಜಿಗೆ ಆಜಿ ಎನ್ನುತ್ತಾರೆ. “ಟ್ಯಾಂಕರ್ ಬಾವಿಗೆ ನೀರು ಬಿಟ್ಟ ಮೇಲೆಯೇ ಅವಳು ಅಲ್ಲಿಂದ ಏಳುವುದು. ಅವಳ ಮತ ಬೀಳುವವರೆಗೆ ಇಲ್ಲಿ ಯಾರೂ ಹಾಕುವುದಿಲ್ಲ.”

“ಯಾಕಂತೆ? ಅವಳೇನು ಈ ಕ್ಷೇತ್ರದ ರಾಣಿಯಾ?”

ಅವನಿಗೆ ಬೇಜಾರಾಗಲಿಲ್ಲ. ನಿಧಾನವಾಗಿ ಹೇಳಿದ. ಸುಮಾರು ಅರವತ್ತು ವರ್ಷದ ಹಿಂದೆ ಮತಗಟ್ಟೆ ಇದ್ದದ್ದು ಗುಡ್ಡದ ಕೆಳಗಿನ ದೊಡ್ಡೂರಿನಲ್ಲಿ, ಸಾವಕಾರನ ಜಗಲಿಯಲ್ಲಿ. ಠಕೂಬಾಯಿಗೆ ಇಪ್ಪತ್ತೆರಡು ವರ್ಷ, ಮೊದಲ ಮತ. ಮಗುವನ್ನು ಕಂಕುಳಲ್ಲಿಟ್ಟುಕೊಂಡು ಇಳಿದು ಹೋದರೆ, “ನಿನ್ನ ಮತ ಆಗಲೇ ಬಿದ್ದಿದೆ, ಮನೆಗೆ ಹೋಗು” ಎಂದನಂತೆ ಮತಗಟ್ಟೆಯ ಸಾಹೇಬ. ಬೆಳಿಗ್ಗೆಯೇ ಯಾರೋ ಇಡೀ ವಾಡಿಯ ಮತ ಹಾಕಿ ಮುಗಿಸಿದ್ದರು. ಉಳಿದವರು ಗುಡ್ಡ ಹತ್ತಿ ವಾಪಸು ಬಂದರು. ಇವಳು ಸಂಜೆ ಪೆಟ್ಟಿಗೆ ಎತ್ತಿಕೊಂಡು ಹೋಗುವವರೆಗೆ ಅಲ್ಲೇ ಕೂತಳು. ಮುಂದಿನ ಚುನಾವಣೆಯಲ್ಲಿ ಎಲ್ಲರಿಗಿಂತ ಮುಂಚೆ ಹೋಗಿ, ಪೆಟ್ಟಿಗೆ ಖಾಲಿಯಿದೆಯಾ ಎಂದು ಕೇಳಿ ಮತ ಹಾಕಿದಳು. ಆಮೇಲೆ ಅವಳ ಬೆನ್ನಿಗೆ ಇಡೀ ವಾಡಿ. ಅಂದಿನಿಂದ ಎಷ್ಟೋ ಪಕ್ಷ ಗೆದ್ದವು, ಸೋತವು, ಕ್ಷೇತ್ರದ ಗಡಿಯೇ ಬದಲಾಯಿತು, ಒಂದು ಸಲ ಸೇತುವೆಗಾಗಿ ಬಹಿಷ್ಕಾರವೂ ಆಯಿತು. ಈ ಕ್ರಮ ಮಾತ್ರ ಬದಲಾಗಲಿಲ್ಲ.

ಹತ್ತಕ್ಕೆ ಐದು ನಿಮಿಷ ಇರುವಾಗ ಅವಳು ಬಂದಳು. ಎಂಬತ್ತು ದಾಟಿದ ಸಣಕಲು ಜೀವ, ಒದ್ದೆ ಸೆರಗು, ಕೈಯಲ್ಲಿ ಕೋಲು. ಶಂಕ್ರೆಪ್ಪ ಹೆಸರು ನೋಡಿದರು, ಬೆರಳಿಗೆ ಶಾಯಿ ಹಾಕಿದರು. ಅವಳು ನನ್ನ ಮೇಜಿನ ಮುಂದೆ ನಿಂತುಬಿಟ್ಟಳು.

“ಬಾಯಿ, ಡಬ್ಬಿ ಖಾಲಿ ಇದೆಯಾ?”

ಮೂರು ಗಂಟೆ ಕಾದ ನನಗೆ ರೇಗಿತು. ಬೆಳಿಗ್ಗೆ ಐದೂವರೆಗೇ ಎದ್ದು ಬೆರಳು ಸುಟ್ಟುಕೊಂಡು ಸೀಲ್ ಮಾಡಿದವಳು ನಾನು, ನನ್ನನ್ನೇ ಕೇಳುತ್ತಾಳಲ್ಲ. “ನೋಡು ಆಜಿ, ಕಣ್ಣಾರೆ ನೋಡು,” ಎಂದು ಒಟ್ಟು ಮತ ತೋರಿಸುವ ಬಟನ್ ಒತ್ತಿದೆ.

ಐವತ್ತು.

ಅಣಕು ಮತಕ್ಕೆ ಮೆಷಿನ್ ಉದುರಿಸಿದ ಚೀಟಿ ಎಣಿಸಿದ್ದೆ, ಸಹಿ ಹಾಕಿಸಿದ್ದೆ, ಬೆರಳು ಸುಟ್ಟಿತೆಂದು ಬೈಯುತ್ತಾ ಸೀಲ್ ಮಾಡಿದ್ದೆ. ಅಳಿಸುವುದನ್ನೇ ಮರೆತಿದ್ದೆ. ಅಣಕು ಮತಗಳು ಹಾಗೇ ಒಳಗೆ ಕೂತಿದ್ದವು.

ಸುಳ್ಳು ಯಾಕೆ ಹೇಳಲಿ, ಮೊದಲು ನೆನಪಾದದ್ದು ಪಿಂಚಣಿ. ಮೆಷಿನಿನ ಮುಖ ನನ್ನ ಕಡೆಗಿತ್ತು. ಆಜಿಗೆ ಅಂಕಿ ಓದಲು ಬರುವುದಿಲ್ಲ. ಹರಿಶ್ಚಂದ್ರ ಅವಳ ಕೋಲು ಹಿಡಿದು ನಿಂತಿದ್ದ. ಖಾಲಿ ಇದೆ ಎಂದುಬಿಟ್ಟಿದ್ದರೆ ಎಣಿಕೆಯ ದಿನದವರೆಗೆ ನಾನು ಬಚಾವ್. ಅವಳು ಐವತ್ತೊಂದನೆಯವಳಾಗುತ್ತಿದ್ದಳು, ಅಷ್ಟೆ. ಹಾಗೆಂದುಕೊಂಡ ಕ್ಷಣವೇ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಅವಳನ್ನು ಮನೆಗೆ ಅಟ್ಟಿದವರ ಜೊತೆ ನಾನೂ ಆ ಸಾವಕಾರನ ಜಗಲಿಯಲ್ಲಿ ಕೂತ ಹಾಗೆ ಅನಿಸಿತು.

“ಖಾಲಿ ಇಲ್ಲ ಆಜಿ,” ಎಂದೆ. “ಐವತ್ತು ಇವೆ. ಬೆಳಿಗ್ಗೆ ಪರೀಕ್ಷೆಗೆ ಹಾಕಿದ್ದು. ಅಳಿಸುವುದು ನನಗೆ ಮರೆತುಹೋಯಿತು. ತಪ್ಪು ನನ್ನದು.”

ಶಂಕ್ರೆಪ್ಪ ಪೆನ್ನು ಕೆಳಗಿಟ್ಟರು. ಆಜಿ ನನ್ನ ಮುಖ ನೋಡಿದಳು. ಆಮೇಲೆ ಹರಿಶ್ಚಂದ್ರನ ಕೈಯಿಂದ ಕೋಲು ತೆಗೆದುಕೊಂಡು ಗೋಡೆಗೆ ಒರಗಿಸಿ ನೆಲದ ಮೇಲೆ ಕೂತಳು.

“ಸರಿ ಮಾಡು,” ಎಂದಳು. “ನಾನು ಕೂತಿರುತ್ತೇನೆ.”

ಬಂಡೆ ಹತ್ತಿ ಫೋನ್ ಮಾಡಿದೆ. ಯಶ್ವಂತ್ ಸಾಹೇಬರು ಪಕ್ಕದ ವಾಡಿಯಿಂದ ಮುಕ್ಕಾಲು ಗಂಟೆಯಲ್ಲಿ ಬೆವರಿಳಿಸಿಕೊಂಡು ಬಂದರು. ಬೈಯುತ್ತಾರೆಂದು ತಲೆ ತಗ್ಗಿಸಿ ನಿಂತೆ. ಅವರು ಮತದಾರರ ರಿಜಿಸ್ಟರ್ ನೋಡಿದರು, ಆಜಿಯ ಒಂದೇ ಹೆಸರು, ಆಕೆಯೂ ಇನ್ನೂ ಮತ ಹಾಕಿಲ್ಲ. “ಒಂದು ನಿಜವಾದ ಮತ ಬಿದ್ದಿದ್ದರೂ ನನ್ನ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಮೇಡಂ,” ಎಂದರು. “ನಿಮ್ಮನ್ನು ಈ ಮುದುಕಿ ಉಳಿಸಿದಳು.” ಏಜೆಂಟರೆಲ್ಲ ಒಪ್ಪಿ ಸಹಿ ಹಾಕಿದರು. ಸೀಲ್ ಒಡೆದು, ಎಲ್ಲರೆದುರು ಅಳಿಸಿ, ಸೊನ್ನೆ ತೋರಿಸಿ, ಹೊಸ ಸೀಲ್ ಹಾಕಿದೆವು. ಈ ಸಲ ಮೇಣದಬತ್ತಿಗೆ ಹರಿಶ್ಚಂದ್ರ ಎರಡೂ ಕೈ ಅಡ್ಡ ಹಿಡಿದ. ನಾನು ಯಾರಿಗೂ ಬೈಯಲಿಲ್ಲ.

ಆಜಿ ಎದ್ದಳು. ರಟ್ಟಿನ ಮರೆಗೆ ಹೋದಳು. ಬೀಪ್ ಎಂದು ಉದ್ದಕ್ಕೆ ಕೂಗಿತು ಮೆಷಿನ್. ಹೊರಗೆ ಮರದ ಕೆಳಗಿನವರೆಲ್ಲ ಎದ್ದು ಸೀರೆ ಪಂಚೆ ಕೊಡವಿ ಸಾಲು ಹಿಡಿದರು. ನನಗೆ ಅಳು ಬಂತು. ಸಂತೋಷಕ್ಕೇ ಬಂದದ್ದು ಅದು, ಮುಚ್ಚಿಡುವುದೇನು.

ಅವಳು ಮತ್ತೆ ನನ್ನ ಮೇಜಿನ ಹತ್ತಿರ ಬಂದಳು. ಕೇಳುವ ಮೊದಲೇ ಬಟನ್ ಒತ್ತಿ, ಮೆಷಿನನ್ನು ಅವಳ ಕಡೆ ತಿರುಗಿಸಿದೆ. “ಒಂದು ಆಜಿ. ನಿನ್ನದು.”

ಅವಳು ಆ ಅಂಕಿಯ ಮೇಲೆ ಶಾಯಿ ಹಚ್ಚಿದ ಬೆರಳಿಟ್ಟು ನೋಡಿದಳು.

“ಆವತ್ತು ಜಗಲಿಯಲ್ಲಿ ಕೂತಿದ್ದ ಆ ಸಾಹೇಬನನ್ನೂ ಕೇಳಿದ್ದೆ, ನನ್ನ ಮತ ಹಾಕಿದ್ದು ಯಾರು ಅಂತ,” ಎಂದಳು. “ತಪ್ಪು ನಮ್ಮದು ಅಂತ ಅವನು ಒಂದು ಮಾತು ಹೇಳಿದ್ದರೆ ನಾನು ಆಗಲೇ ಎದ್ದು ಮನೆಗೆ ಹೋಗುತ್ತಿದ್ದೆ ಬಾಯಿ.”

ಕೋಲು ತೆಗೆದುಕೊಂಡು, ಮನೆಗೆ ಹೋದಳು.