ಎರಡು ಗಿಡ್ಡ, ಒಂದು ಉದ್ದ

ಮುಂದಿನ ಬಸ್ಸಿನ ಹಿಂದಿನ ಕಿಟಕಿಯಲ್ಲಿ ಒಂದು ಮಗು ಗಾಜಿಗೆ ಮೂಗೊತ್ತಿಕೊಂಡು ನನ್ನನ್ನೇ ನೋಡುತ್ತಿದೆ, ಮೂಗು ಚಪ್ಪಟೆಯಾಗಿ ಬೆಳ್ಳಗಾಗಿದೆ, ನಗಬೇಕು ಅನ್ನಿಸುತ್ತದೆ, ನಗು ಬರುತ್ತಿಲ್ಲ, ಸಿಗ್ನಲ್ ಇನ್ನೂ ಕೆಂಪು, ಹಿಂದಿನ ಕಾರಿನವನಿಗೆ ತಡೆಯಲಾಗುತ್ತಿಲ್ಲ, ಹಾರ್ನ್ ಮೇಲೆ ಹಾರ್ನ್, ಹೊಡಿ ಮಾರಾಯ, ನಿನಗೇನು, ನಿನ್ನ ಹಾರ್ನಿಗೆ ಯಾರೂ ಅರ್ಥ ಹುಡುಕುವುದಿಲ್ಲ. ನನ್ನದಕ್ಕೆ ಹುಡುಕಿದ್ದಾರೆ. ಹೊರಗಿನವರ ಸಂಕೇತವಂತೆ. ಲಾಯರಮ್ಮ ಮಧ್ಯಾಹ್ನ ಕೋರ್ಟಿನ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಮೆಲ್ಲಗೆ ಕೇಳಿದರು, ದಿನಾ ಸಂಜೆ ಜೈಲಿನ ಹಿಂದಿನ ರಸ್ತೇಲಿ ಯಾರೋ ಒಂದೇ ಥರ ಹಾರ್ನ್ ಹೊಡೀತಾರಂತೆ, ಎರಡು ಗಿಡ್ಡ ಒಂದು ಉದ್ದ, ಯಾರು ಅಂತ ನಿಮಗೇನಾದ್ರೂ ಗೊತ್ತಾ, ನಾನು ಮಡಿಲಲ್ಲಿದ್ದ ಹೆಲ್ಮೆಟ್ಟನ್ನು ನೋಡಿಕೊಂಡೆ, ನಾನೇ ಮೇಡಂ ಅಂದೆ. ಅವರು ಹಣೆ ಚಚ್ಚಿಕೊಂಡರು. ಯಾರದು, ಯಾವ ಗ್ಯಾಂಗು ಅಂತ ನಿಮ್ಮ ತಮ್ಮನ್ನ ಕೂರಿಸ್ಕೊಂಡು ಕೇಳಿದಾರೆ, ಅವನು ಬಾಯೇ ಬಿಟ್ಟಿಲ್ಲ, ಒಂಟಿ ಸೆಲ್ಲು ಇನ್ನೂ ಮೂರು ತಿಂಗಳು ಅಂತ ಹೆಚ್ಚಿಸಿದ್ದು ಅದಕ್ಕೇ ಕಣಮ್ಮ. ಮೆಟ್ಟಿಲು ಬಿಸಿಲಿಗೆ ಕಾದಿತ್ತು.

ಬಾಯೇ ಬಿಟ್ಟಿಲ್ಲ, ಅವನು — ಮನೆಯಲ್ಲಿ ಅವನ ಹೆಸರೇ ಬಾಯ್ಬಡ್ಕ, ಹಲ್ಲುಜ್ಜುವಾಗಲೂ ಮಾತಾಡಿ ಅಂಗಿಯೆಲ್ಲ ಪೇಸ್ಟು ಮಾಡಿಕೊಳ್ಳುತ್ತಿದ್ದವನು, ನಮ್ಮ ಇಸ್ತ್ರಿ ಅಂಗಡಿಗೆ ಬಟ್ಟೆ ಕೊಡಲು ಬಂದವರು ಅವನ ಮಾತಿಗೆ ಸಿಕ್ಕಿ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು, ಜೈಲು ಸೇರಿದ್ದೂ ಬಾಯಿಂದಲೇ, ಗೋದಾಮಿನ ಮೇಸ್ತ್ರಿಯ ಜೊತೆ ಮಾತಿಗೆ ಮಾತು ಬೆಳೆದು ಕೈಗೆ ಬಂತು, ಮೇಸ್ತ್ರಿಯ ತಲೆ ಒಡೆಯಿತು, ಒಳಗೆ ಹೋದ ಮೇಲಾದರೂ ಸುಮ್ಮನಿದ್ದನೇ, ಊಟದ ಸಾಲಿನಲ್ಲಿ ಯಾರಿಗೋ ಎದುರುತ್ತರ ಕೊಟ್ಟು ಹೊಡೆದಾಡಿ ಒಂಟಿ ಸೆಲ್ಲಿಗೆ ಬಿದ್ದ. ಎಲ್ಲ ಕಡೆ ಬಾಯಿ ಬಿಟ್ಟವನು ನನ್ನ ಹೆಸರು ಕೇಳಿದಾಗ ಮಾತ್ರ ಬೀಗ ಹಾಕಿಕೊಂಡ. ಸಿಟ್ಟು ಬರುತ್ತಿದೆ, ಅಳುವೂ ಬರುತ್ತಿದೆ, ನಮ್ಮಕ್ಕ ಸಾರ್ ಅಂದಿದ್ದರೆ ಏನಾಗುತ್ತಿತ್ತು, ನನ್ನನ್ನೂ ಹಿಡಿಯುತ್ತಾರೆ ಅಂದುಕೊಂಡಿರಬೇಕು, ಪೆದ್ದ. ಸಿಗ್ನಲ್ ಬಿಟ್ಟಿತು, ಬಸ್ಸು ಹೊಗೆ ಉಗುಳಿ ಹೋಯಿತು, ಮಗುವೂ ಹೋಯಿತು. ಅಪ್ಪನ ಸ್ಕೂಟರಿದು, ಹಾರ್ನಿಗೆ ನೆಗಡಿಯಾದ ಬಾತುಕೋಳಿಯ ದನಿ, ಬದಲಾಯಿಸಿಬಿಡಿ ಅಕ್ಕ ಅಂತ ಮೆಕ್ಯಾನಿಕ್ ಎಷ್ಟು ಹೇಳಿದರೂ ನಾನು ಬಿಟ್ಟಿಲ್ಲ. ಇಸ್ತ್ರಿ ಬಟ್ಟೆಯ ಗಂಟುಗಳನ್ನು ಮನೆಮನೆಗೆ ಕೊಟ್ಟು ಸಂಜೆ ನಮ್ಮ ಓಣಿಗೆ ತಿರುಗುವಾಗ ಅಪ್ಪ ಹೊಡೆಯುತ್ತಿದ್ದ, ಎರಡು ಗಿಡ್ಡ ಒಂದು ಉದ್ದ, ಅದು ಕೇಳಿದರೆ ಅಮ್ಮ ಒಲೆ ಹಚ್ಚುತ್ತಾಳೆ, ನಾವಿಬ್ಬರೂ ಓಡುತ್ತೇವೆ, ಮೊದಲು ಸ್ಕೂಟರ್ ಮುಟ್ಟಿದವರಿಗೆ ಮುಂದೆ ನಿಂತು ಬರುವ ಭಾಗ್ಯ, ಯಾವಾಗಲೂ ಅವನೇ ಗೆಲ್ಲುತ್ತಾನೆ, ಗೆಲ್ಲದೆ ಏನು, ಹೊತ್ತು ಇಳಿಯುತ್ತಿದ್ದ ಹಾಗೇ ಹೊಸಿಲಲ್ಲಿ ನಿಂತುಬಿಟ್ಟಿರುತ್ತಾನೆ, ಕತ್ತು ಒಂದು ಪಕ್ಕಕ್ಕೆ, ಉಸಿರು ಬಿಗಿಹಿಡಿದು, ಬಾಯಿ ತೆರೆದುಕೊಂಡು. ಬಾಯಿ ತೆರೆದೂ ಮಾತಿಲ್ಲದೆ ಅವನು ಇರುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ. ಮುಚ್ಚೋ, ನೊಣ ಹೋಗುತ್ತೆ, ಅನ್ನುತ್ತಿದ್ದಳು ಅಮ್ಮ.

ಮೊದಲ ಸಲ ನಾನು ಸುಮ್ಮನೆ ಹೊಡೆದಿದ್ದೆ, ದೇವರಾಣೆ, ಬಟ್ಟೆ ಕೊಟ್ಟು ವಾಪಸ್ಸು ಬರುವಾಗ ಜೈಲಿನ ಆ ಗೋಡೆ ನೋಡಿ ಹೊಟ್ಟೆ ಉರಿಯಿತು, ಹೊಡೆದೆ. ಮುಂದಿನ ಭೇಟಿಯಲ್ಲಿ ಗಾಜಿನ ಆಚೆಯಿಂದ ಫೋನು ಹಿಡಿದುಕೊಂಡು ಅವನು ಕೇಳಿದ, ನಿಜ ಹೇಳು ಅಕ್ಕ, ಅದು ನೀನೇ ತಾನೆ, ನಂಗೆ ತಲೆ ಕೆಟ್ಟಿಲ್ಲ ತಾನೆ. ಸೆಲ್ಲಿಗೆ ಕಿಟಕಿಯಿಲ್ಲ, ಮೇಲೊಂದು ಗಾಳಿಗಿಂಡಿ, ದೀಪ ಯಾವತ್ತೂ ಆರುವುದಿಲ್ಲ, ಬೆಳಿಗ್ಗೇನೋ ಸಂಜೇನೋ ತಿಳಿಯಲ್ಲ, ನಿನ್ ಬಾತುಕೋಳಿ ಕೂಗಿದ್ರೆ ಇವತ್ತಿಂದು ಮುಗೀತು ಅಂತ ಮಲಗ್ತೀನಿ, ಅಂದ. ಆಮೇಲೆ ಬಿಡುವುದು ಹೇಗೆ. ಒಂದೇ ಒಂದು ಸಂಜೆ ತಪ್ಪಿತು, ಕ್ಲಚ್ ವೈರು ಕಿತ್ತುಹೋಗಿ, ಮುಂದಿನ ಸಲ ನೋಡಿದರೆ ಅವನ ಎರಡೂ ಕೈಗೆ ಪಟ್ಟಿ, ಅಮ್ಮನಿಗೆ ಏನೋ ಆಗೋಯ್ತು ಅಂದ್ಕೊಂಡೆ ಅಕ್ಕ, ಬಾಗಿಲು ಗುದ್ದಿಬಿಟ್ಟೆ, ಅಂದ, ಆ ಭೇಟಿಯಾದ ಮೇಲೆ, ಗುದ್ದಿದ್ದಕ್ಕೇ ಅಂತ ಒಂದು ತಿಂಗಳು ಭೇಟಿ ಬಂದ್ ಮಾಡಿದರು, ಅದಿನ್ನೂ ಮುಗಿದಿಲ್ಲ. ಈಗ ಲಾಯರಮ್ಮ ಹೇಳುತ್ತಾರೆ, ಗುರುವಾರ ಜೈಲಿನ ಕಮಿಟಿ ಕೂರುತ್ತೆ, ಅವನನ್ನ ಎಲ್ಲರ ಜೊತೆ ಬ್ಯಾರಕ್ಕಿಗೆ ಬಿಡಿಸೋಕೆ ಇದೊಂದೇ ದಾರಿ, ಅಲ್ಲೀವರೆಗೆ ಆ ಸದ್ದು ಕೇಳಬಾರದು, ಅವನೂ ಕಮಕ್ ಕಿಮಕ್ ಅನ್ನಬಾರದು. ನಾನೇ ಹೋಗಿ ಹೇಳ್ತೀನಿ ಮೇಡಂ, ನಮ್ಮಪ್ಪನ ಹಾರ್ನು, ಅಷ್ಟೇ ಅಂತ. ಹೇಳಿ ನೋಡಿ, ಸಂಕೇತ ಅಂತ ನೀವೇ ಒಪ್ಕೊಂಡಹಾಗಾಗುತ್ತೆ, ಅಲ್ಲಿಗೆ ಮುಗೀತು. ಅವನಿಗೆ ನೀವಾದ್ರೂ ಒಂದು ಮಾತು ತಲುಪಿಸಿ ಮೇಡಂ, ಅಕ್ಕ ಬೇಕಂತಲೇ ಬರಲ್ಲ ಅಂತ. ಗುರುವಾರದವರೆಗೆ ನನ್ನನ್ನೂ ಬಿಡಲ್ಲಮ್ಮ ಅವರು. ಹಾಗಾದರೆ ಹೊಡೆದರೆ ಕೆಟ್ಟೆವು, ಹೊಡೆಯದಿದ್ದರೆ ಅವನು ಬಾಗಿಲು ಗುದ್ದುತ್ತಾನೆ, ಗುದ್ದಿದರೂ ಕೆಟ್ಟೆವು, ಇದನ್ನು ಮೇಡಂಗೆ ಹೇಳಿದೆ, ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮನೆಗೆ ಹೋದರೆ ಅಮ್ಮ ಎಂದಿನಂತೆ ಬಾಗಿಲಲ್ಲೇ ಕೇಳುತ್ತಾಳೆ, ಹೊಡ್ದ್ಯಾ, ಹೂಂ ಅಂದ ಮೇಲೆಯೇ ಅವಳು ತಟ್ಟೆ ಹಾಕುವುದು. ಇವತ್ತೂ ಹೂಂ ಅನ್ನಬೇಕು.

ದೊಡ್ಡ ರಸ್ತೆಯಲ್ಲೇ ನೇರ ಹೋಗಿಬಿಡಬೇಕು ಅಂತ ದಾರಿಯುದ್ದಕ್ಕೂ ಹೇಳಿಕೊಂಡೇ ಬಂದೆ, ಕೈ ಕೇಳಲಿಲ್ಲ, ಟೈರ್ ಅಂಗಡಿಯ ಹತ್ತಿರ ತಾನಾಗಿ ಎಡಕ್ಕೆ ತಿರುಗಿಸಿಬಿಟ್ಟಿದೆ, ದಿನವೂ ತಿರುಗಿಸಿದ ಕೈ, ಇದೇ ಗೋಡೆ, ಮೇಲೆ ಗಾಜಿನ ಚೂರು, ಮೂಲೆಯ ಗೋಪುರದಲ್ಲಿ ಒಬ್ಬ ಕಾವಲಿನವನು, ಈಗ ಹಿಂದಕ್ಕೆ ತಿರುಗಿದರೆ ಅವನು ನೋಡುತ್ತಾನೆ, ಮುಂದೆ ಹೋದರೆ ಇಂಜಿನ್ನು — ಅಯ್ಯೋ ಇಂಜಿನ್ನು, ಸೈಲೆನ್ಸರ್ ಒಡೆದು ವರ್ಷವಾಯಿತು, ಈ ಗಡಗಡವನ್ನು ನಿದ್ದೆಯಲ್ಲೂ ಗುರುತಿಸುತ್ತಾನೆ ಅವನು, ಬಂದಳು ಅಂತ ತಿಳಿದು ಹಾರ್ನಿಲ್ಲದೆ ಹೋದರೆ, ಅದು ಬಾರದಿರುವುದಕ್ಕಿಂತ ಕೆಟ್ಟದ್ದು. ಕೀ ತಿರುಗಿಸಿದೆ. ನಿಂತಿತು. ಇಳಿದು ತಳ್ಳುತ್ತಿದ್ದೇನೆ, ಕೆಟ್ಟುಹೋದ ಗಾಡಿ ತಳ್ಳುವವಳ ಹಾಗೆ ಮುಖ ಸಿಂಡರಿಸಿಕೊಂಡು, ಕಾವಲಿನವನೇ ನೋಡಪ್ಪ, ಪೆಟ್ರೋಲ್ ಮುಗಿದ ಬಡಪಾಯಿ ಹೆಂಗಸು, ಹಿಂದಿನ ಗಂಟು ವಾಲುತ್ತಿದೆ, ಹೆಬ್ಬೆರಳು ಹಾರ್ನಿನ ಗುಂಡಿಯ ಮೇಲೇ ಇದೆ, ತೆಗೆ, ತೆಗೆದೆ, ಮತ್ತೆ ಹೋಗಿ ಕೂತಿದೆ. ಬಿಸಿಲು ಗೋಡೆಯ ನೆತ್ತಿಗೆ ಏರಿದೆ, ಇದೇ ಹೊತ್ತು, ಅವನಿಗೆ ಬಿಸಿಲು ಕಾಣುವುದಿಲ್ಲ, ದಿನಾ ಹಾರ್ನ್ ಕೇಳಿ ಕೇಳಿ ಈಗ ಹೊಟ್ಟೆಗೇ ಗೊತ್ತಾಗುತ್ತದಂತೆ, ಎದ್ದು ಗಾಳಿಗಿಂಡಿಯ ಕೆಳಗೆ ಬಂದಿರುತ್ತಾನೆ, ಗಡ್ಡ ಬಂದ ಮುಖ, ಕತ್ತು ಒಂದು ಪಕ್ಕಕ್ಕೆ, ಬಾಯಿ ತೆರೆದಿದೆ. ಗುದ್ದಬೇಡ ಕಣೋ. ಅಮ್ಮ ಚೆನ್ನಾಗಿದ್ದಾಳೆ. ನಾನಿಲ್ಲೇ ಇದ್ದೇನೆ, ಗೋಡೆಯ ಈಚೆ, ಕೈ ಚಾಚಿದರೆ ಸಿಗುವ ಗೋಡೆ. ಗುರುವಾರ, ಗುರುವಾರದವರೆಗೆ ತಡೆದುಕೋ. ಗೋಡೆ ಮುಗಿಯುತ್ತಿದೆ, ಮುಗಿಯಿತು, ಇನ್ನು ಗಾಡಿ ಹೊರಡಿಸಬಹುದು, ಬೇಡ, ಇಲ್ಲಿಗೂ ಕೇಳಿಸುತ್ತದೆ, ಇನ್ನೂ ಮುಂದೆ, ಆ ಕಂಬದವರೆಗೆ, ಆ ಕಂಬವೂ ಸಾಲದು, ಒಳಗಿನಿಂದ ಗುದ್ದಿದ ಸದ್ದೇನೂ ಬಂದಿಲ್ಲ, ಅಂದರೆ ಇನ್ನೂ ಕಾಯುತ್ತಿದ್ದಾನೆ, ನಿಂತಿದ್ದಾನೆ, ಬಾಯಿ ತೆರೆದು, ಉಸಿರು ಹಿಡಿದುಕೊಂಡು, ಇನ್ನೂ ಬಿಟ್ಟಿಲ್ಲ, ಬಾಯಿ ತೆರೆದಿದೆ, ಇನ್ನೂ ಉಸಿರು ಬಿಟ್ಟಿಲ್ಲ