ನಾಲಿಗೆ ಮುಟ್ಟದ ಜಾಗ

ಅಂಗಿ, ಬರೀ ಅಂಗಿ, ತೊಟ್ಟಿಯ ಸಿಗಡಿಗಳೆಲ್ಲ ಒಟ್ಟಿಗೇ ಅಂಗಿ ಬಿಚ್ಚಿ ಹಾಕಿವೆ ಅಷ್ಟೆ, ಗಾಬರಿ ಬೇಡ, ಕನ್ನಡಕ ಎಲ್ಲಿ, ಕನ್ನಡಕ ಹಾಕಿಕೊಳ್ಳದೆ ಏನನ್ನೂ ತೀರ್ಮಾನಿಸಬಾರದು, ಮೊನ್ನೆ ಹೀಗೇ ಉಲ್ಲನ್ ಉಂಡೆಯನ್ನು ಇಲಿ ಅಂದುಕೊಂಡು ಮನೆಯೆಲ್ಲ ಕುಣಿದಿದ್ದೆ — ಸಿಗಡಿ ಅಂದಮೇಲೆ ಪೊರೆ ಬಿಡುತ್ತದೆ, ಮೈ ಬೆಳೆದ ಹಾಗೆ ಹಳೆಯ ಚಿಪ್ಪು ಬಿಗಿಯಾಗುತ್ತದೆ, ಬೆನ್ನ ಹತ್ತಿರ ಸೀಳಿಕೊಂಡು ಒಂದೇ ಜಿಗಿತಕ್ಕೆ ಹೊರಗೆ, ಹಿಂದೆ ಉಳಿಯುವುದು ಕಾಲು ಮೀಸೆಗಳ ಸಮೇತ ಗಾಜಿನಂಥ ಖಾಲಿ ಮೈ, ಮೊದಲ ಸಲ ಅದನ್ನು ಕಂಡಾಗ ನಾನು ಅತ್ತೇಬಿಟ್ಟಿದ್ದೆ, ಹೋಯ್ತುರೀ, ಮಗಳು ಆಸೆಪಟ್ಟು ತಂದ ಸಿಗಡಿ ಹೋಯ್ತು, ಇವರು ಗಡಿಯಾರ ರಿಪೇರಿ ಮಾಡುವ ಮಸೂರವನ್ನು ಕಣ್ಣಿಗೆ ಸಿಕ್ಕಿಸಿಕೊಂಡು ತೊಟ್ಟಿಯ ಗಾಜಿಗೆ ಮೂಗು ಒತ್ತಿ, ಹೆಣ ಅಲ್ಲ ಕಣೇ ಇದು, ಅಂಗಿ, ಇದರ ಯಜಮಾನಿ ನೋಡು ಅಲ್ಲಿ ಪಾಚಿ ಹಿಂದೆ ನಾಚಿಕೊಂಡು ಕೂತಿದ್ದಾಳೆ, ಮಗಳು ಹೊಟ್ಟೆ ಹಿಡಿದು ನಕ್ಕಿದ್ದಳು, ಅಮ್ಮಾ ನೀನು ಬಟ್ಟೆ ಒಣಗಿಸೋ ಹಗ್ಗದ ಮುಂದೆನೂ ಅಳ್ತೀಯಾ — ಕನ್ನಡಕ ಸಿಕ್ಕಿತು, ಬೇಡವಾಗಿತ್ತು, ಸಿಗದಿದ್ದರೇ ಚೆನ್ನಾಗಿತ್ತು, ಅಂಗಿಯಾದರೆ ಆಚೆಯ ಪಾಚಿ ಕಾಣಬೇಕು, ಇವುಗಳ ಮೂಲಕ ಏನೂ ಕಾಣುತ್ತಿಲ್ಲ, ಮೈ ತುಂಬಿದೆ, ಸುಡುಕೆಂಪು ಹೋಗಿ ಶಾಲೆಮಕ್ಕಳ ರಬ್ಬರಿನ ಬಣ್ಣ ಬಂದಿದೆ, ಮಗ್ಗುಲಾಗಿ, ಅಂಗಾತ, ಸ್ಪಂಜಿನ ಮೇಲೆ, ಎಲೆಗಳ ಸಂದಿಯಲ್ಲಿ, ಎಳೆಯವೂ, ಅಕ್ಕಿನುಚ್ಚಿನಷ್ಟು ಎಳೆಯವೂ, ಎಲ್ಲ, ಎಲ್ಲ ಅಂದರೆ ಎಲ್ಲವೂ.

ಮೊದಲು ಮೊಟ್ಟೆ, ಹೊಟ್ಟೆ ತುಂಬ ಮೊಟ್ಟೆ ಕಚ್ಚಿಕೊಂಡಿದ್ದ ಆ ದೊಡ್ಡವಳು ಎಲ್ಲಿ, ಇಲ್ಲಿದ್ದಾಳೆ, ಸತ್ತಿದ್ದಾಳೆ, ಆದರೆ ಮೊಟ್ಟೆ ಬಿಟ್ಟಿಲ್ಲ, ಗಟ್ಟಿಗಿತ್ತಿ, ಒಂದೊಂದರಲ್ಲೂ ಎರಡು ಕಪ್ಪು ಚುಕ್ಕೆ, ಕಣ್ಣು ಮೂಡಿವೆ, ಇವತ್ತೋ ನಾಳೆಯೋ ಒಡೆದು ಬರಬೇಕಾದವು, ಇವರ ಚಿಮಟ ತಂದು ಬಿಡಿಸಬೇಕು, ಬಟ್ಟಲಲ್ಲಿ ಬೇರೆ ನೀರು, ಗಾಳಿ ಕೊಳವೆ, ಗುಳ್ಳೆ ಸಣ್ಣಗೆ ಬರಲಿ — ಎಷ್ಟು ತಲೆಮಾರು, ಮಾಸಲು ಕೆಂಪಿನವನ್ನು ಬೇರೆ ಮಾಡಿ, ಕಡುಗೆಂಪಿನವನ್ನು ಮಾತ್ರ ಉಳಿಸಿಕೊಂಡು, ಕಾಲಿನ ತುದಿಗೂ ಬಣ್ಣ ಇಳಿಯುವವರೆಗೆ ಕಾದು, ಅಕ್ವೇರಿಯಂ ಅಂಗಡಿಯವನು ಅಕ್ಕಾ ಇದು ನಿಮ್ಮ ಮನೆತನದ ಕೆಂಪು ಅನ್ನುತ್ತಿದ್ದ, ಅವನನ್ನು ನಾನು ನೀರಿನ ಡಾಕ್ಟರು ಅನ್ನುತ್ತೇನೆ, ಯಾರೇ ಹೋದರೂ ಮೊದಲು ಬಾಟಲಿಯಲ್ಲಿ ನೀರು ತಂದಿದ್ದೀರಾ ಅಂತ ಕೇಳುವುದು ಅವನ ಚಾಳಿ, ಫೋನ್ ಎತ್ತಿದವನೇ ಇವತ್ತೂ ಅದನ್ನೇ ಕೇಳಿದ, ನೀರಿಗೆ ಬೆಂಕಿ ಬಿತ್ತು ಕಣಪ್ಪಾ ಅಂದೆ, ಒಂದೇ ರಾತ್ರೀಲಿ ಎಲ್ಲಾ ಹೋದ್ವಾ ಅಕ್ಕಾ, ಹಾಗಾದ್ರೆ ರೋಗ ಅಲ್ಲ ಬಿಡಿ, ವಿಷ, ಬಸವನಹುಳು ಹೇಗಿವೆ ನೋಡಿ, ನೋಡಿದೆ, ಗಾಜಿನ ಮೇಲೆ ಆರಾಮಾಗಿ ಹರಿದಾಡುತ್ತಿವೆ, ಊರಿಗೆ ಬಂದ ಕೇಡು ತಮಗಲ್ಲ ಅನ್ನುವ ಹಾಗೆ, ಹಂಗಾದ್ರೆ ತಾಮ್ರ ಅಲ್ಲ, ತಾಮ್ರ ಆಗಿದ್ರೆ ಮೊದಲು ಅವೇ ಉದುರ್ತಿದ್ವು, ಇದು ಹುಳ ಸಾಯ್ಸೋ ಔಷಧಿ, ಸೊಳ್ಳೆಗೆ ಏನಾದ್ರೂ ಹೊಡೆದ್ರಾ, ನನಗೇನು ಹುಚ್ಚೇ, ಈ ಮನೆಗೆ ಅಗರಬತ್ತಿಯನ್ನೂ ತಂದಿಲ್ಲ ನಾನು, ಹೊಸ ಗಿಡ ಹಾಕಿದ್ರಾ, ಇಲ್ಲ, ಮತ್ತೆ ನಾಯಿ ಬೆಕ್ಕು ಇದೆಯಾ ಮನೇಲಿ, ಇಲ್ಲ, ಚಿಗಟಕ್ಕೆ ಕತ್ತಿನ ಹಿಂದೆ ಹಾಕೋ ಔಷಧಿ ಇರುತ್ತಲ್ಲ ಅಕ್ಕಾ, ಹನಿ ಕೂಡ ಬೀಳಬೇಕಿಲ್ಲ, ಅದನ್ನ ಹಾಕಿದ ಕೈ ನೀರಲ್ಲಿ ಅದ್ದಿದ್ರೆ ಸಾಕು, ತೊಟ್ಟಿ ತೊಟ್ಟೀನೇ ಖಾಲಿ, ಬೆಕ್ಕಿಲ್ಲಪ್ಪಾ, ಈ ಮನೆಯಲ್ಲಿ ಬೆಕ್ಕಿಲ್ಲ, ಬೆಕ್ಕು ಇಲ್ಲವೇ ಇಲ್ಲ ಅಂದೆ, ಅಷ್ಟು ಸಲ ಯಾಕೆ ಹೇಳಿದೆನೋ.

ಬೆಕ್ಕಿತ್ತು. ಮಗಳ ಬೆಕ್ಕು, ನನ್ನ ಬಾಯಲ್ಲಿ ಅದು ಕಳ್ಳಮುಂಡೇದು, ಹಾಲು ಕುಡಿಯಿತು ಕಳ್ಳಮುಂಡೇದು, ತೊಟ್ಟಿಯ ಮುಚ್ಚಳದ ಮೇಲೆ ಮೈ ಕಾಯಿಸಿಕೊಳ್ಳುತ್ತ ಮಲಗಿತು ಕಳ್ಳಮುಂಡೇದು, ಮಗಳು ಮನೆ ಬಿಟ್ಟ ದಿನ ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಬುಟ್ಟಿ, ಬುಟ್ಟಿಯೊಳಗೆ ಅದು, ತೊಟ್ಟಿ ಹೊರಲಾಗದು ಅಂತ ಬಿಟ್ಟುಹೋದಳು, ಅಮ್ಮಾ ನೀರು ಬದಲಾಯಿಸ್ತಾ ಇರು ಅಂದಳು, ಅದೇ ಕೊನೆಯ ಮಾತು — ಮದುವೆ ಪತ್ರಿಕೆ ಅಚ್ಚಾಗಿ ಬಂದ ಮೇಲೆ ಈ ಮದುವೆ ಬೇಡ ಅಂದವಳು, ಆ ಹುಡುಗನ ಜೊತೆ ಎರಡು ಮಾತು ಆಡಿದರೆ ಮೂರನೆಯದಕ್ಕೆ ಉಸಿರು ಕಟ್ಟುತ್ತಪ್ಪಾ ಅಂದವಳು, ಇವರು ಗಡಿಯಾರ ಬಿಚ್ಚಿದ ಕೈ ಹಾಗೇ ಹಿಡಿದುಕೊಂಡು, ಹೋಗು, ಹೋದರೆ ಹೊಸ್ತಿಲು ತಿರುಗಿ ತುಳೀಬೇಡ, ನನ್ನ ಪಾಲಿಗೆ ಸತ್ತೆ ನೀನು, ಆಮೇಲೆ ನನಗೆ, ಅವಳ ಹೆಸರು ಈ ಮನೇಲಿ ಬಂದರೆ ನನ್ನ ಹೆಣ ನೋಡ್ತೀಯ, ಎದೆನೋವಿನ ಮನುಷ್ಯ, ಹೇಳಿದ್ದನ್ನು ಮಾಡಿಬಿಡುವ ಮನುಷ್ಯ, ನಾನು ನಾಲಿಗೆ ಕಚ್ಚಿಕೊಂಡೆ, ಕಚ್ಚಿಕೊಂಡೇ ಇದ್ದೆ, ಬೀದಿಯಲ್ಲಿ ಅವಳ ಹಾಗೆ ನಡೆಯುವ ಹುಡುಗಿ ಕಂಡರೂ ತಲೆ ತಗ್ಗಿಸಿದೆ, ಅವಳ ಮನೆ ಎಲ್ಲಿ ಅಂತ ಯಾರನ್ನೂ ಕೇಳಲಿಲ್ಲ, ಇವರಂತೂ ಅವಳ ತೊಟ್ಟಿಯ ಹತ್ತಿರವೂ ಸುಳಿಯಲಿಲ್ಲ, ಅಂಗಿಗೂ ಹೆಣಕ್ಕೂ ವ್ಯತ್ಯಾಸ ಹೇಳಿಕೊಟ್ಟವರು ಮಗಳ ವಿಷಯದಲ್ಲಿ ಮಸೂರ ತೆಗೆದಿಟ್ಟುಬಿಟ್ಟರು, ಆ ಕಡೆ ಮುಖ ಹಾಕದೆ ಗೋಡೆ ಸವರಿಕೊಂಡೇ ಓಡಾಡಿದರು, ನಿನ್ನೆಯವರೆಗೆ.

ನಿನ್ನೆ. ನಿನ್ನೆ ಸಂಜೆ ಬಂದರು, ಚಪ್ಪಲಿ ಬಿಡುವಾಗ ಏನೋ ಗುನುಗುತ್ತಿದ್ದರು, ಇವರು ಮತ್ತು ಗುನುಗು, ಕಿವಿಯನ್ನೇ ನಂಬಲಿಲ್ಲ ನಾನು, ತೊಟ್ಟಿಯಲ್ಲಿ ಬೇರು ಕಿತ್ತು ಮೇಲೆ ಬಂದ ಗಿಡವನ್ನು ಕಡ್ಡಿಯಲ್ಲಿ ಒತ್ತುತ್ತ ಒದ್ದಾಡುತ್ತಿದ್ದೆ, ಸರಿ ಆಚೆ, ನಿನ್ನ ಕೈಲಾಗಲ್ಲ, ತೋಳು ಮಡಚಿದರು, ಮೊಣಕೈವರೆಗೆ ಮುಳುಗಿಸಿ ಬೇರನ್ನು ಜಲ್ಲಿಯೊಳಗೆ ನಾಟಿದರು, ಒಂದು ಸಿಗಡಿ ಬೆರಳಿನ ಮೇಲೆ ಬಂದು ಕೂತಿತು, ನೋಡೇ ಗುರುತು ಹಿಡೀತು ಅಂದರು, ನಾನು ಎಷ್ಟು ಹಿಗ್ಗಿದೆ, ಅಂತೂ ಕಲ್ಲು ಕರಗಿತು, ಇವತ್ತಲ್ಲ ನಾಳೆ ಅವಳ ಹೆಸರು ಇವರ ಬಾಯಲ್ಲೇ ಬರುತ್ತದೆ, ನಾನು ಕೇಳುವುದೂ ಬೇಡ, ಕಾದರೆ ಸಾಕು ಅಂದುಕೊಂಡು ಮಲಗಿದೆ, ಕಳ್ಳಿಯ ಹಾಗೆ ಕತ್ತಲಲ್ಲಿ ನಗುತ್ತ ಮಲಗಿದೆ — ಆ ಕೈ. ಆ ಕೈ ಎಲ್ಲಿಂದ ಬಂತು. ಬೆಕ್ಕಿಗೆ ಔಷಧಿ ಹಾಕುತ್ತಿದ್ದದ್ದು ಆ ಕೈಯೇ, ಬೇರೆ ಯಾರು ಮುಟ್ಟಿದರೂ ರಕ್ತ ಬರುವ ಹಾಗೆ ಪರಚುತ್ತಿತ್ತು, ಇವರ ತೊಡೆಯ ಮೇಲೆ ಮಾತ್ರ ಬೆಣ್ಣೆ, ಎಡಗೈಯಲ್ಲಿ ಗದ್ದ ಒತ್ತಿ, ಬಲಗೈಯ ಹೆಬ್ಬೆರಳು ತೋರುಬೆರಳಲ್ಲಿ ಕತ್ತಿನ ಹಿಂದಿನ ಕೂದಲನ್ನು ಸೀಳುವುದು, ಕೈಗಡಿಯಾರದ ಬೆನ್ನು ತೆಗೆದಷ್ಟು ನಾಜೂಕಾಗಿ, ಬಿಳಿ ಚರ್ಮ ಗೆರೆಯಾಗಿ ಕಾಣುವುದು, ಇಲ್ಲೇ ಹಾಕಬೇಕು ಮಗಾ, ಇದು ಅದರ ನಾಲಿಗೆ ಮುಟ್ಟದ ಜಾಗ, ಹನಿ ಬಿದ್ದ ಮೇಲೆ ಹರಿದು ಹಾಳಾಗಬಾರದೆಂದು ಬೆರಳ ತುದಿಯಿಂದ ಒತ್ತಿ ಹಿಡಿಯುತ್ತಿದ್ದರು, ಎಷ್ಟು ಬೈದರೂ ಬಿಡದ ಅಭ್ಯಾಸ, ಆಮೇಲೆ ಮಗಳು ಇವರನ್ನು ಬಚ್ಚಲಿಗೆ ತಳ್ಳಿಕೊಂಡು ಹೋಗುತ್ತಿದ್ದಳು, ಸೋಪು ಹಾಕಪ್ಪಾ, ಸೋಪು, ಸಿಗಡಿ ಇವೆ ಮನೇಲಿ.

ಇಲ್ಲ, ಸುಮ್ಮನೆ ಇಲ್ಲದ್ದು ಕಟ್ಟಬಾರದು, ಜಗತ್ತಿನಲ್ಲಿ ಬೆಕ್ಕು ಒಂದೇ ಇದೆಯೇ, ನಿನ್ನೆ ಹೋಗಿದ್ದದ್ದು ಸಾಹೇಬರ ಮನೆಗೆ, ತಿಂಗಳಿಗೊಮ್ಮೆ ಹೋಗುವುದು ವಾಡಿಕೆ, ಸಾಹೇಬರ ಮನೆಗೆ ಹೋಗಿ ಬರ್ತೀನಿ ಕಣೇ, ಅವರ ಮನೆಯಲ್ಲಿ ಬೆಕ್ಕು ಇರಬಹುದು, ದೊಡ್ಡ ಮನೆ, ದೊಡ್ಡ ಗಡಿಯಾರ, ಆಳೆತ್ತರದ್ದು, ಕೀಲಿ ಕೊಡಲು ಇವರೇ ಆಗಬೇಕು — ಗಡಿಯಾರದ ಮಾತು ಯಾರು ಹೇಳಿದರು, ಇವರು ಹೇಳಿದರೇ, ಇವರು ಹೇಳಲಿಲ್ಲ, ನಾನೇ ಅಂದುಕೊಂಡೆ, ಗಡಿಯಾರದವರು ಸಾಹೇಬರ ಮನೆಗೆ ಹೋದರೆ ಗಡಿಯಾರಕ್ಕೇ ತಾನೆ, ಇವರು ಸುಳ್ಳು ಹೇಳುವವರಲ್ಲ, ಸುಳ್ಳು ಹೇಳಿದರೆ ಕಿವಿ ಕೆಂಪಾಗುವ ಜಾತಿ, ಯಾವ ಸಾಹೇಬರು ರೀ ಅಂತ ಕೇಳಿದ್ದೆ, ಹಳೇ ಪರಿಚಯದವರು ಅಂದರು, ಹೇಗಿದ್ದಾರೆ ಅಂದರೆ, ಏನು ಹೇಳೋದು, ಅದೇ ಮೀಸೆ, ಅದೇ ಗತ್ತು, ಬಿಸಿಲು ಬಿದ್ದ ಕಡೆ ಕೂತರೆ ಏಳಲ್ಲ, ಮಾತಾಡ್ತಾರಾ, ಮನಸ್ಸು ಬಂದರೆ, ಪಾಪ ವಯಸ್ಸಾಗಿದೆಯೇನೋ ಅಂದೆ, ಹೂಂ ವಯಸ್ಸಾಯ್ತು, ಚಳಿ ತಡೆಯಲ್ಲ ಅಂದರು, ನಾನು ಕೂತು ಸಾಹೇಬರಿಗೆ ಒಂದು ಮಫ್ಲರ್ ಹೆಣೆದೆ, ಬೂದು ಉಲ್ಲನ್, ಅಂಚಿಗೆ ಕೆಂಪು, ಇದನ್ನ ಕೊಡಿ, ನಾನು ಕೊಟ್ಟೆ ಅಂತ ಹೇಳಿ, ಇವರು ಅದನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದರು, ಕಿವಿ ಕೆಂಪಾಗಿರಲಿಲ್ಲ, ಕಣ್ಣು ಆಗಿತ್ತು — ಅಪ್ಪಾ, ಅಪ್ಪಾ ಬಾ, ಸಾಹೇಬರಿಗೆ ಔಷಧಿ ಹಾಕೋ ದಿನ ಬಂತು. ಯಾರ ದನಿ ಇದು. ಅಪ್ಪಾ, ಸಾಹೇಬರ ಸವಾರಿ ಅಡುಗೆಮನೆ ಕಡೆ ಹೊರಟಿತು ನೋಡು. ಆ ಬೆಕ್ಕು ನನ್ನ ಬಾಯಲ್ಲಿ ಕಳ್ಳಮುಂಡೇದು, ಅವಳ ಬಾಯಲ್ಲಿ ಸಾಹೇಬರು, ಅಪ್ಪ ಮಗಳ ಬಾಯಲ್ಲಿ ಸಾಹೇಬರು, ಸಾಹೇಬರ ಊಟ ಆಯ್ತೇ, ಸಾಹೇಬರಿಗೆ ನಿದ್ದೆ ಬಂತೇ, ಅಯ್ಯೋ, ಅಯ್ಯೋ ನನ್ನ ಮಂಕುಬುದ್ಧಿಯೇ, ಸಾಹೇಬರ ಮನೆಗೆ ಹೋಗಿ ಬರ್ತೀನಿ ಕಣೇ, ಒಂದು ಸುಳ್ಳೂ ಹೇಳಲಿಲ್ಲ ಮಹಾನುಭಾವರು, ಒಂದೇ ಒಂದು ಸುಳ್ಳು, ಇಲ್ಲ.

ಚಿಮಟ ಕೈಯಿಂದ ಜಾರಿತು, ಎತ್ತಿಕೋ, ಮೊಟ್ಟೆ ಇನ್ನೂ ಅರ್ಧ ಉಳಿದಿವೆ, ಎತ್ತಿಕೋ ಮೊದಲು — ಹಾಗಾದರೆ ನನ್ನ ಬಾಯಿಗೆ ಬೀಗ ಹಾಕಿ ಕೀಲಿಕೈ ಜೇಬಲ್ಲಿಟ್ಟುಕೊಂಡು ಇವರು ಮಾತ್ರ ಹೋದರು, ನನ್ನ ಹೆಣ ನೋಡ್ತೀಯ ಅಂದವರು ಮಗಳ ಮುಖ ನೋಡಿ ಬಂದರು, ತಿಂಗಳು ತಿಂಗಳು, ಅವಳ ಕುರ್ಚಿಯಲ್ಲಿ ಕೂತರು, ಅವಳು ಕೊಟ್ಟ ನೀರು ಕುಡಿದರು, ಅವಳು ದಪ್ಪ ಆಗಿದ್ದಾಳಾ ಸಣ್ಣ ಆಗಿದ್ದಾಳಾ, ಕೂದಲು ಬಿಟ್ಟಿದ್ದಾಳಾ ಕತ್ತರಿಸಿದ್ದಾಳಾ ಇವರಿಗೆ ಗೊತ್ತು, ನನಗೆ ಗೊತ್ತಿಲ್ಲ, ಹೆತ್ತವಳಿಗೆ ಗೊತ್ತಿಲ್ಲ, ಬದುಕಿದ್ದಾಳೆ, ಬದುಕಿದ್ದಾಳಲ್ಲ, ನಗುತ್ತಾಳಂತೂ, ಇಲ್ಲದಿದ್ದರೆ ಇವರು ಯಾಕೆ ಗುನುಗಬೇಕು, ನಿನ್ನೆ ಅಲ್ಲಿ ಏನಾಯಿತು ಅಷ್ಟು ಖುಷಿಪಡುವಂಥದ್ದು, ನಗು ಬರುತ್ತಿದೆ ನನಗೆ, ನಗುವಲ್ಲ ಇದು — ಮಫ್ಲರ್. ಮಫ್ಲರ್ ಅಲ್ಲಿದೆ. ಅವಳ ಮನೆಯಲ್ಲಿ ಇದೆ, ನನ್ನ ಹೆಣಿಗೆ ಅವಳಿಗೆ ಗೊತ್ತಾಗದೇ ಇರುತ್ತದೆಯೇ, ಅಂಚಿಗೆ ಬಂದಾಗ ಒಂದು ಕೊಂಡಿ ಬಿಡುವುದು ನನ್ನ ಹಣೆಬರಹ, ಅವಳ ಎಲ್ಲ ಸ್ವೆಟರಿನಲ್ಲೂ ಇತ್ತು ಆ ತೂತು, ಬೆರಳು ತೂರಿಸಿ ಆಡುತ್ತಿದ್ದಳು, ಅಮ್ಮ ಕಳಿಸಿದ್ದಾ ಅಪ್ಪಾ, ಇವರು ಸುಳ್ಳು ಹೇಳುವವರಲ್ಲ, ಹೂಂ, ಅಮ್ಮನೇ, ಸಾಹೇಬರಿಗೆ ಅಂತ ಕಳಿಸಿದಳು. ಸಾಹೇಬರಿಗೆ. ಮತ್ತೆ ನನಗೆ? ಏನು ಹೇಳಿದಿರಿ ಆಗ, ನನಗೆ ಅಂತ ಅವಳು ಕೇಳಿದ್ದರೆ, ಕೇಳದೆ ಆ ತೂತಿಗೆ ಬೆರಳು ತೂರಿಸಿದ್ದರೆ, ಬೆಕ್ಕಿಗೆ ಚಳಿಯಾದೀತು ಅಂತ ಹೆಣೆದು ಕಳಿಸಿದ ಅಮ್ಮ, ಮಗಳಿಗೆ ಒಂದು ಮಾತು ಕಳಿಸಲಿಲ್ಲ, ಎಲ್ಲ ಗೊತ್ತಿದ್ದೂ ಬರಲಿಲ್ಲ, ಇಷ್ಟು ದಿನ ಅವಳ ಲೆಕ್ಕದಲ್ಲಿ ನಾನು ಅಂಥವಳು, ಅಂಥವಳಾಗಿದ್ದೇನೆ ನಾನು ಅವಳ ಪಾಲಿಗೆ, ಇವರು ನನ್ನನ್ನು ಏನು ಮಾಡಿಟ್ಟರು.

ಬಾಗಿಲ ಚಿಲಕ. ಬಂದರು, ಹಾಲಿನ ಪ್ಯಾಕೆಟ್ಟು, ಪೇಪರು, ಚಪ್ಪಲಿ ಬಿಡುತ್ತ ಇವತ್ತೂ ಅದೇ ಗುನುಗು, ಅರ್ಧಕ್ಕೆ ನಿಂತಿತು, ಏನಾಯ್ತೇ, ಅಯ್ಯೋ, ಎಲ್ಲಾ ಒಟ್ಟಿಗೆ ಅಂಗಿ ಬಿಟ್ಟಿವೆಯಾ, ಹತ್ತಿರ ಬಂದರು, ತೋಳು ಮಡಚುತ್ತಿದ್ದಾರೆ, ಆ ಕೈ, ಬಟ್ಟಲಿನ ಕಡೆಗೆ ಆ ಕೈ, ಮುಟ್ಟಬೇಡಿ ಅಂದೆ, ನನ್ನ ದನಿಯೇ ಅಲ್ಲ ಅದು, ಯಾಕೇ, ಏನಾಯ್ತು ನಿನಗೆ, ಕೂಗಬೇಕು ಅಂದುಕೊಂಡಿದ್ದೆ, ತಟ್ಟೆ ಬಿಸಾಡಬೇಕು ಅಂದುಕೊಂಡಿದ್ದೆ, ಬಾಯಿಂದ ಬಂದದ್ದು ಎರಡೇ ಮಾತು, ಮೆಲ್ಲಗೆ, ಅತಿಥಿಗಳನ್ನು ಕೇಳುವ ಹಾಗೆ, ಸಾಹೇಬರು ಹೇಗಿದ್ದಾರೆ — ಯಾವ, ಅಂದರು, ಸತ್ತ ಸಿಗಡಿಗಳನ್ನು ನೋಡಿದರು, ತಮ್ಮ ಕೈ ನೋಡಿಕೊಂಡರು, ಕಿವಿಗೆ ಕೆಂಪು ಏರುತ್ತಿದೆ, ಏರಲಿ, ಕೈ ಕೆಳಗಿಳಿಯುತ್ತಿಲ್ಲ, ನಡುಗಾಳಿಯಲ್ಲೇ ನಿಂತಿದೆ, ಹೆಬ್ಬೆರಳು, ತೋರುಬೆರಳು, ಒಂದಕ್ಕೊಂದು ಅಂಟಿಕೊಂಡು ಮೆಲ್ಲಗೆ ಬಿಡಿಸಿಕೊಳ್ಳುತ್ತಿವೆ, ಬೆಕ್ಕಿನ ಕೂದಲು ಸೀಳುವ ಹಾಗೆ, ಎಡಕ್ಕೊಂದು ಬಲಕ್ಕೊಂದು, ನಡುವೆ ಬಿಳಿ ಗೆರೆ, ಹೆಬ್ಬೆರಳು, ತೋರುಬೆರಳು, ಕತ್ತಿನ ಹಿಂದೆ, ಆ ಜಾಗ, ನಾಲಿಗೆ ಮುಟ್ಟದ ಆ —