ಹಜರಾಬಿಯ ಮನೆಯ ಮರಿಗಳು ಉಸುಕು ಕೆದರಿದವು

ಸುಗ್ಗಿ ಮುಗಿದು ಜೋಳದ ಚೀಲಗಳು ಮನೆಗೆ ಬಂದರೆ ಅವುಗಳ ಹಿಂದೆಯೇ ಇಲಿಗಳೂ ಬರುತ್ತವೆ. ಇದು ಎಲ್ಲ ಊರಿನ ಗೋಳು. ತಾಂಬಾ ಊರಿನ ಮೈಬೂಬನ ಮನೆಯಲ್ಲಿ ಆ ಗೋಳು ಚೀಲ ಕಡಿಯುವುದಕ್ಕೇ ನಿಲ್ಲಲಿಲ್ಲ.

ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಅದು. ಒಂದು ಮುಂಜಾನೆ ಮೈಬೂಬನ ಹೆಂಡತಿ ಹಜರಾಬಿ ಕಸ ಗುಡಿಸುತ್ತಿದ್ದಳು. ಅತ್ತೆಯ ಹೊರಸಿನ ಕೆಳಗೆ ರಕ್ತದ ಕಲೆ ಕಂಡಿತು. ನೋಡಿದರೆ ಅತ್ತೆ ರಾಜಬಿಯ ಕಾಲಿನ ಹೆಬ್ಬೆರಳನ್ನು ಇಲಿ ಕಡಿದಿತ್ತು. ಮುದುಕಿಯ ಕಾಲುಗಳು ಜೋಮು ಹಿಡಿದು ವರ್ಷಗಳೇ ಆಗಿದ್ದವು. ಇಲಿ ಕಡಿದದ್ದು ಆಕೆಗೆ ಗೊತ್ತೇ ಆಗಿರಲಿಲ್ಲ.

ಅವತ್ತೇ ಮೈಬೂಬ ಒಂದು ಹೆಣ್ಣು ಬೆಕ್ಕನ್ನು ತಂದ. ಇಲಿಗಳ ಕಾಟ ಕಡಿಮೆಯಾಯಿತು. ಬೆಕ್ಕು ಚೀಲಗಳ ಸಂದಿಯಲ್ಲಿ ಮೂರು ಮರಿ ಹಾಕಿತು. ಮರಿಗಳು ಆಗಷ್ಟೇ ಕಣ್ಣು ಬಿಟ್ಟಿದ್ದವು, ಓಣಿಯ ನಾಯಿಗಳು ತಾಯಿಯನ್ನು ಕೊಂದು ಹಾಕಿದವು. ಹಜರಾಬಿ ಅರಳೆಯ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಒಂದೊಂದು ಹನಿ ಕುಡಿಸಿ ಮೂರನ್ನೂ ಉಳಿಸಿದಳು.

ಮರಿಗಳು ಉಳಿದವು, ಆದರೆ ತಾಪತ್ರಯವೂ ಬೆಳೆಯಿತು. ಓಡಾಡಲು ಕಲಿತ ಮೇಲೆ ಅವು ಚೀಲದ ಹತ್ತಿರ, ಒಲೆಯ ಮಗ್ಗುಲಿಗೆ, ಹೊರಸಿನ ಕೆಳಗೆ, ಎಲ್ಲೆಂದರಲ್ಲಿ ಹೊಲಸು ಮಾಡತೊಡಗಿದವು. ಮುಂಜಾನೆ ಎದ್ದರೆ ಅತ್ತೆ ಹಾಸಿಕೊಂಡ ಕೌದಿಯೂ ತೊಯ್ದಿರುತ್ತಿತ್ತು. ಬೇಸಿಗೆಯ ದಿನಗಳು. ಬಾವಿಯ ನೀರು ತಳ ಕಂಡಿತ್ತು. ಕುಡಿಯುವ ನೀರಿಗೇ ಸರದಿ ಹಿಡಿಯಬೇಕಾದ ಹೊತ್ತಿನಲ್ಲಿ ಹಜರಾಬಿ ಕೌದಿ ಒಗೆಯಲು ಕೊಡಗಟ್ಟಲೆ ನೀರು ಹೊರಬೇಕಾಯಿತು.

"ನನ್ನ ಕೈಲಿ ಆಗೂದಿಲ್ರಿ ಇನ್ನ," ಎಂದು ಆಕೆ ಒಂದು ದಿನ ಗಂಡನ ಮುಂದೆ ಕಣ್ಣೀರು ಹಾಕಿದಳು. "ಸೊಂಟ ಬಿದ್ದುಹೋಗೈತಿ."

"ಅಳಬ್ಯಾಡ," ಎಂದ ಮೈಬೂಬ. "ಇಂಡಿ ಸಂತಿಗೆ ಹೋಗುಮುಂದ ಚೀಲದಾಗ ಹಾಕ್ಕೊಂಡು ದಾರಿಯಾಗ ಬಿಟ್ಟು ಬರ್ತೇನಿ."

ಹೊರಸಿನ ಮೇಲಿದ್ದ ರಾಜಬಿ ಈ ಮಾತು ಕೇಳಿಸಿಕೊಂಡಳು. ತೊಡೆಯ ಮೇಲೆ ಮಲಗಿದ್ದ ಮರಿಯ ಬೆನ್ನು ಸವರುತ್ತ ಕುಳಿತಳು.

ಪಕ್ಕದ ಮನೆಯ ಗುರವ್ವ ಜರಡಿ ಕೇಳಲು ಬಂದವಳು ಬಾಗಿಲಲ್ಲೇ ನಿಂತು ಇದನ್ನೆಲ್ಲ ಕೇಳಿದ್ದಳು. ಮಸೂತಿ ಎಂಬ ಊರಿನ ಹೆಣ್ಣುಮಗಳು. ಅವಳ ತವರಿನಲ್ಲಿ ಕಾಳಿನ ಕಣಜಗಳಿದ್ದವು, ಅದಕ್ಕೆ ಬೆಕ್ಕುಗಳೂ ಇದ್ದವು.

"ಮೈಬೂಬಾ, ದಾರಿಯಾಗ ಬಿಟ್ಟರ ಅವು ಒಂದು ದಿನಾನೂ ಉಳಿಯೂದಿಲ್ಲ," ಎಂದಳು ಗುರವ್ವ. "ಮ್ಯಾಲ ನಿಮ್ಮವ್ವನ ಕಾಲಿಗೆ ಮತ್ತ ಇಲಿ ಬರ್ತಾವು. ಹಜರಾಬಿ, ಮರೀಗೆ ಹೊಲಸು ಎಲ್ಲಿ ಮಾಡಬೇಕಂತ ಯಾರರ ಹೇಳಿಕೊಟ್ಟೀರೇನು?"

ಹಜರಾಬಿ ಕಣ್ಣೊರೆಸಿಕೊಂಡು ನಕ್ಕಳು. "ಬೆಕ್ಕಿನ ಮರೀಗೆ ಹೇಳಿಕೊಡೂದಾ? ಸಾಲಿಗೆ ಕಳಸೂನೇನು ಕಾಕಿ?"

"ಸಾಲಿ ಬ್ಯಾಡ, ಒಂದೀಟು ಉಸುಕು ಸಾಕು. ಉಸುಕು ಕೆದರಿ ಹೊಲಸು ಮುಚ್ಚೂದು ಬೆಕ್ಕಿನ ಹುಟ್ಟುಗುಣ. ತಾಯಿದ್ದರ ಕರಕೊಂಡು ಹೋಗಿ ತೋರಸ್ತಿತ್ತು. ಇವಕ್ಕ ತಾಯಿಲ್ಲ. ನೀನ ತೋರಸಬೇಕು. ಹಳ್ಳದ ಉಸುಕು ತಂದು ಜರಡಿ ಹಿಡದು ಒಣಗಸು. ಎರಿಮಣ್ಣು ಬ್ಯಾಡ, ತೊಯ್ದರ ಕಾಲಿಗೆ ಅಂಟತೈತಿ. ಒಲಿ ಬೂದಿನೂ ಬ್ಯಾಡ, ಅದರಾಗ ಕೆಂಡ ಉಳದಿದ್ದರ ಪಾಪ, ಕಾಲು ಸುಡತೈತಿ. ಮರಿ ಹಾಲು ಕುಡದ ಕೂಡಲೆ, ನಿದ್ದಿಯಿಂದ ಎದ್ದ ಕೂಡಲೆ ಎತ್ತಿ ಉಸುಕಿನ್ಯಾಗ ಬಿಡು. ನಿನ್ನ ಬೆರಳಿಂದ ಉಸುಕು ಕೆದರಿ ತೋರಸು. ಅಷ್ಟ."

ಹಜರಾಬಿಗೆ ನಂಬಿಕೆ ಬರಲಿಲ್ಲ. ಆದರೆ ತನ್ನ ಕೈಯಿಂದ ಹಾಲು ಹಾಕಿ ಬದುಕಿಸಿದ ಜೀವಗಳು. ಸಂತೆಯ ದಿನದವರೆಗೆ ನೋಡೋಣವೆಂದು ಒಂದು ಚಿಮಣಿ ಎಣ್ಣೆ ಡಬ್ಬಿಯ ಬಾಯಿ ಕತ್ತರಿಸಿ, ತೊಳೆದು, ಅದರಲ್ಲಿ ಉಸುಕು ತುಂಬಿ ಹಾಲಿನ ಬಟ್ಟಲಿನ ಪಕ್ಕದಲ್ಲಿಟ್ಟಳು.

ಮರಿಗಳು ಡಬ್ಬಿಯನ್ನು ಸುತ್ತು ಹಾಕಿ ಮೂಸಿದವು. ಒಂದೂ ಒಳಗೆ ಹೋಗಲಿಲ್ಲ. ಅದರಲ್ಲೊಂದು ಮರಿ ಹಜರಾಬಿಯ ಕಣ್ಣೆದುರೇ ಚೀಲದ ಬುಡಕ್ಕೆ ಹೋಗಿ ಕುಳಿತು ಕೆಲಸ ಮುಗಿಸಿತು. ಆಕೆಗೆ ಸಿಟ್ಟು ನೆತ್ತಿಗೇರಿತು. ಮರಿಯ ಕುತ್ತಿಗೆ ಹಿಡಿದು, ಮೂಗನ್ನು ಆ ಹೊಲಸಿಗೆ ತಿಕ್ಕಿ ಒಂದು ಏಟು ಕೊಟ್ಟಳು. ಮರಿ ಕಿರುಚಿ ಚೀಲಗಳ ಹಿಂದೆ ಸೇರಿತು. ಸಂಜೆಯವರೆಗೂ ಹೊರಗೆ ಬರಲಿಲ್ಲ. ಹೊಲಸನ್ನೂ ಅಲ್ಲೇ ಕತ್ತಲೆಯಲ್ಲಿ ಮಾಡಿತು.

"ನೋಡ್ರಿ ಕಾಕಿ, ನಿಮ್ಮ ಉಸುಕಿನ ಸಾಲಿ!" ಎಂದು ಹಜರಾಬಿ ಗುರವ್ವನನ್ನು ಕರೆದು ತೋರಿಸಿದಳು.

ಗುರವ್ವ ನೋಡಿದಳು. "ಈ ಡಬ್ಬಿ ನನ್ನ ಮೊಳಕಾಲುದ್ದ ಐತಲ್ಲವ್ವಾ. ಗೇಣುದ್ದದ ಮರಿ ಇದನ್ನ ಹೆಂಗ ಏರಬೇಕು? ಮ್ಯಾಲ ಹಾಲಿನ ಬಟ್ಟಲದ ಮಗ್ಗಲಿಗೆ ಇಟ್ಟೀ. ಉಣ್ಣೋ ಜಾಗಾದಾಗ ಹೊಲಸು ನೀ ಮಾಡ್ತೀಯೇನು? ಅವೂ ಮಾಡೂದಿಲ್ಲ."

"ಹೊಡದದ್ದಕ್ಕರ ಬುದ್ಧಿ ಬರಬೇಕಿತ್ತಲ್ರಿ?"

"ಹೊಡದರ ಅದಕ್ಕ ತಿಳಿಯೂದು ಒಂದ. ಹಜರಾಬಿ ಮುಂದ ಹೊಲಸು ಮಾಡಬಾರದು, ಅಡಗಿ ಕುಂತು ಮಾಡಬೇಕು ಅಂತ. ಹೊಡೀಬ್ಯಾಡ, ಮೂಗು ತಿಕ್ಕಬ್ಯಾಡ. ತಪ್ಪು ಜಾಗಾದಾಗ ಮಾಡಿದ್ರ ಸುಮ್ಮನ ಎತ್ತಿ ಉಸುಕಿನ್ಯಾಗ ಬಿಡು."

ಇಬ್ಬರೂ ಸೇರಿ ಹಿತ್ತಲಲ್ಲಿ ಬಿದ್ದಿದ್ದ ಒಡೆದ ನೀರಿನ ಹರವಿಯ ತಳ ತಂದರು. ಅಂಚು ಮೂರು ಬೆರಳಿಗಿಂತ ಎತ್ತರವಿರಲಿಲ್ಲ. ಚೂಪಾದ ಕಡೆ ಕಲ್ಲಿಗೆ ತಿಕ್ಕಿ ನಯ ಮಾಡಿದರು. ಅದರಲ್ಲಿ ಉಸುಕು ಹರಡಿ, ಮಂದಿ ಓಡಾಡದ ಮೂಲೆಯಲ್ಲಿಟ್ಟರು. ಮೊದಲು ಹೊಲಸಾದ ಜಾಗಗಳನ್ನೆಲ್ಲ ಬಿಸಿನೀರು, ಬಟ್ಟೆ ಒಗೆಯುವ ಸೋಡಾ ಹಾಕಿ ತಿಕ್ಕಿ ತೊಳೆದರು. ಹಳೆಯ ವಾಸನೆ ಉಳಿದರೆ ಮರಿ ಅಲ್ಲಿಗೇ ತಿರುಗಿ ಹೋಗುತ್ತದೆ. ಒಂದು ಚಿಟಿಕೆ ಹೊಲಸನ್ನು ಮಾತ್ರ ಗುರವ್ವ ಹೊಸ ಉಸುಕಿನ ಮೇಲೆ ಹಾಕಿದಳು.

"ಇದು ಅವಕ್ಕ ಗುರುತು," ಎಂದಳು.

ಹಾಲು ಕುಡಿದ ಮರಿಯನ್ನು ಹಜರಾಬಿ ಎತ್ತಿ ಉಸುಕಿನ ಮೇಲೆ ಬಿಟ್ಟಳು. ಅದು ಇಳಿದು ಬಂತು. ಮತ್ತೆ ಬಿಟ್ಟಳು. ಮತ್ತೆ ಇಳಿಯಿತು. ಆಕೆ ಬೆರಳಿನಿಂದ ಉಸುಕು ಕೆದರುತ್ತ ಕುಳಿತಳು. ಆಗ ಮರಿ ಬೆರಳನ್ನೇ ನೋಡಿತು, ತಾನೂ ಒಂದು ಕಾಲು ಹಾಕಿ ಕೆದರಿತು, ಸಣ್ಣ ಕುಣಿ ಮಾಡಿ ಅದರ ಮೇಲೆ ಕುಳಿತುಕೊಂಡಿತು. ಮುಗಿದ ಮೇಲೆ ಉಸುಕೆಳೆದು ಮುಚ್ಚಿತು.

"ಅತ್ತೀ, ನೋಡ್ರಿ, ನೋಡ್ರಿ! ಕುಂತತು!" ಎಂದು ಹಜರಾಬಿ ಚಿಕ್ಕ ಹುಡುಗಿಯಂತೆ ಕೂಗಿದಳು. ರಾಜಬಿ ಹೊರಸಿನಿಂದ ಬಗ್ಗಿ ನೋಡಿ ಬೊಚ್ಚುಬಾಯಿ ತೆರೆದು ನಕ್ಕಳು.

ಉಳಿದೆರಡೂ ಮರಿಗಳು ಮೊದಲನೆಯದನ್ನು ನೋಡಿ ಕಲಿತವು. ನಡುನಡುವೆ ತಪ್ಪಿದವು. ಹಜರಾಬಿ ಬೈಯದೆ ಎತ್ತಿ ಬಿಟ್ಟಳು. ಸಂತೆಯ ದಿನ ಹತ್ತಿರ ಬರುವ ಹೊತ್ತಿಗೆ ಚೀಲದ ಬುಡ, ಒಲೆಯ ಮಗ್ಗುಲು ಎಲ್ಲ ಒಣಗಿದ್ದವು. ಆಕೆ ದಿನಾಲೂ ಹೊಲಸು ಉಸುಕು ತೆಗೆದು ತಿಪ್ಪೆಯಲ್ಲಿ ಹೂತು, ಸಾಬೂನು ಹಚ್ಚಿ ಕೈ ತೊಳೆದುಕೊಳ್ಳುತ್ತಿದ್ದಳು.

ಆದರೆ ರಾಜಬಿಯ ಕೌದಿ ಮಾತ್ರ ತೊಯ್ಯುವುದು ನಿಲ್ಲಲಿಲ್ಲ.

ಗುರವ್ವ ಬಂದು ಕೌದಿಯನ್ನು ಕೈಗೆತ್ತಿಕೊಂಡಳು. ಬೆಕ್ಕಿನ ಉಚ್ಚೆಯ ಘಾಟು ಆಕೆಗೆ ಚೆನ್ನಾಗಿ ಗೊತ್ತು, ಇದರಲ್ಲಿ ಅದಿರಲಿಲ್ಲ. ರಾಜಬಿಯ ಕಡೆ ನೋಡಿದಳು. ರಾಜಬಿ ಮುಖವನ್ನು ಗೋಡೆಗೆ ತಿರುಗಿಸಿಕೊಂಡಳು. ಗುರವ್ವ ಕೌದಿ ಮಡಚಿಟ್ಟು ಮನೆಗೆ ಹೋದಳು.

ಸಂತೆಯ ದಿನ ಬಂತು. ಮತ್ತೆ ತೊಯ್ದ ಕೌದಿ ನೋಡಿ ಮೈಬೂಬನ ತಾಳ್ಮೆ ಮುಗಿಯಿತು. ಚೀಲ ತಂದು ಮರಿಗಳನ್ನು ಒಂದೊಂದಾಗಿ ಹಿಡಿದು ಹಾಕಿದ. ಹಜರಾಬಿ ತಡೆಯಲಿಲ್ಲ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಆತ ಚೀಲದ ಬಾಯಿ ಕಟ್ಟಿ ಹೊಸ್ತಿಲು ದಾಟುತ್ತಿದ್ದ.

"ಮೈಬೂಬಾ!" ಎಂದು ರಾಜಬಿ ಕೂಗಿದಳು. "ಆ ಚೀಲಾ ಕೆಳಗ ಇಡು. ಕೌದಿ ತೊಯ್ಸಿದ್ದು ಮರಿ ಅಲ್ಲೋ. ನಾನು."

ಮೈಬೂಬ ನಿಂತಲ್ಲೇ ನಿಂತ.

"ಎದ್ದು ಹೋಗಾಕ ಕಾಲಿಲ್ಲ ನನಗ. ಹಗಲೆಲ್ಲಾ ದುಡದು ಬಿದ್ದಿರೋ ಇಕೀನ ಹೆಂಗ ಎಬ್ಬಸ್ಲಿ? ತಡಕೊಂತೇನಿ, ಆಗೂದಿಲ್ಲ. ಮೊದಲನೇ ದಿನ ನೀವ ಬೆಕ್ಕು ಅಂದ್ರಿ. ನಾನೂ ಸುಮ್ಮನಾದೆ. ತೊಯ್ದ ಬಟ್ಟಿ ಮ್ಯಾಲ ಕುಂತು ನಮಾಜ ಮಾಡಾಕೂ ಮನಸ್ಸು ಬರಲಿಲ್ಲ, ಅದನ್ನೂ ಬಿಟ್ಟೇನಿ. ತಾಯಿಲ್ಲದ ಮರಿ ಮ್ಯಾಲ ನನ್ನ ತಪ್ಪು ಹೊರಸಿ ಅವನ್ನ ಕೊಲ್ಲಬ್ಯಾಡ."

ಹಜರಾಬಿ ಹೊರಸಿನ ಹತ್ತಿರ ಹೋಗಿ ನೆಲಕ್ಕೆ ಕುಳಿತಳು. ಅತ್ತೆಯ ಜೋಮು ಹಿಡಿದ ಕಾಲುಗಳ ಮೇಲೆ ಕೈಯಿಟ್ಟಳು.

"ನನ್ನ ಒಂದು ಮಾತು ಕರೀಬಾರದೇನ್ರಿ ಅತ್ತೀ? ದಿನಾ ಕೌದಿ ಒಗಿಯೂದಕ್ಕಿಂತ ಒಮ್ಮೆ ಎದ್ದು ನಿಮ್ಮನ್ನ ಕೂಡಸೂದು ನನಗೇನು ಭಾರ ಆಕ್ಕಿತ್ತೇನು?" ಎಂದಳು. ಆಮೇಲೆ ತಡೆದು ತಡೆದು ಹೇಳಿದಳು, "ನಾನೂ ಸಿಟ್ಟೀಲೆ ಇರತಿದ್ದೆ. ನಿಮಗ ಅಂಜಿಕಿ ಬಂದಿದ್ದರ ಅದು ಸಹಜ."

ಮೈಬೂಬ ಚೀಲ ಬಿಚ್ಚಿದ. ಮರಿಗಳು ಹೊರಬಿದ್ದು ಓಡಿದವು. ಎಲ್ಲಿಗೆ? ನೇರ ಮೂಲೆಯ ಉಸುಕಿಗೆ! ಅಳುತ್ತಿದ್ದ ಹಜರಾಬಿಗೆ ನಗು ಬಂತು. ರಾಜಬಿಯೂ ನಕ್ಕಳು, ಕಣ್ಣಲ್ಲಿ ನೀರಿತ್ತು.

ಮೈಬೂಬ ಅವತ್ತು ಸಂತೆಗೆ ಹೋದ. ಬರುವಾಗ ಅಗಲ ಬಾಯಿಯ ಮಣ್ಣಿನ ಪಾತ್ರೆ ತಂದು ತಾಯಿಯ ಹೊರಸಿನ ಮಗ್ಗುಲಿಗೆ ಇಟ್ಟ. ಎತ್ತಿನ ಕೊರಳಿನ ಒಂದು ಗಂಟೆ ಬಿಚ್ಚಿ ಹೊರಸಿನ ಕಾಲಿಗೆ ಕಟ್ಟಿದ. "ಅಮ್ಮಾ, ಬೇಕಾದಾಗ ಬಾರಸು. ನಾನೂ ಎದ್ದು ಬರ್ತೇನಿ, ಇಕಿ ಒಬ್ಬಾಕಿನ ಅಲ್ಲ," ಎಂದ. ಕೌದಿ ಒಣಗಿಯೇ ಉಳಿಯತೊಡಗಿತು. ರಾಜಬಿ ಕೈಕಾಲು ಮುಖ ತೊಳೆಯುವ ವಜೂವಿಗೆ ಸೊಸೆಯ ಕೈಯಿಂದ ನೀರು ಕೇಳಿ ಪಡೆದು, ಹೊರಸಿನ ಮೇಲೆ ಕುಳಿತೇ ನಮಾಜು ಮಾಡಿದಳು. ಮುಗಿದ ಮೇಲೆ ಸೊಸೆಯ ಹೆಸರು ಹಿಡಿದು, ಗುರವ್ವನ ಹೆಸರು ಹಿಡಿದು ದುವಾ ಕೇಳಿದಳು.

ಹಜರಾಬಿ ಒಂದು ಹೆಣ್ಣು ಮರಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗುರವ್ವನ ಮನೆಗೆ ಹೋದಳು. ಜೊತೆಗೆ ಅದು ಬಳಸಿದ ಉಸುಕನ್ನೂ ಒಂದು ಹಿಡಿ ಚಿಂದಿಯಲ್ಲಿ ಕಟ್ಟಿ ಒಯ್ದಿದ್ದಳು, ಹೊಸ ಮನೆಯಲ್ಲಿ ಮರಿಗೆ ಗುರುತು ಸಿಗಲೆಂದು.

"ನಿಮ್ಮ ಉಪಕಾರ ಹೆಂಗ ತೀರಸ್ಲಿ ಕಾಕಿ? ನಮ್ಮ ಮನಿ ಉಳೀತು."

"ನಾ ಹೇಳಿದ್ದು ಉಸುಕಿನ ಮಾತಷ್ಟ," ಎಂದಳು ಗುರವ್ವ. "ದೊಡ್ಡ ಮಾತು ಆಡಿದಾಕಿ ನಿಮ್ಮತ್ತಿ. ಆಕೀಗೆ ಹೇಳು."

ಇದನ್ನು ಓದುವ, ಓದಿಸಿ ಕೇಳುವ ಅಕ್ಕತಂಗಿಯರೇ, ನಿಮ್ಮ ಕಾಳನ್ನು ಕಾಯುವ ಜೀವವನ್ನು ಚೀಲದಲ್ಲಿ ಕಟ್ಟಿ ದಾರಿಗೆ ಬಿಡಬೇಡಿರಿ. ತಗ್ಗು ಅಂಚಿನ ಒಂದು ಪಾತ್ರೆ, ಒಣ ಉಸುಕು, ಗದ್ದಲವಿಲ್ಲದ ಮೂಲೆ, ಇಷ್ಟು ನಿಮ್ಮ ಮನೆಯಲ್ಲೇ ಇವೆ. ಹಾಲಿನ ಬಟ್ಟಲಿನಿಂದ ದೂರ ಇಡಿರಿ, ದಿನಾಲೂ ಹೊಲಸು ತೆಗೆಯಿರಿ, ಕೈ ತೊಳೆಯಿರಿ, ಕೂಸುಗಳ ಕೈಗೆ ಸಿಗದಂತೆ ನೋಡಿಕೊಳ್ಳಿರಿ. ಮರಿ ತಪ್ಪಿದರೆ ಹೊಡೆಯಬೇಡಿರಿ, ಎತ್ತಿ ಉಸುಕಿಗೆ ಬಿಡಿರಿ. ನಾಳೆ ಮುಂಜಾನೆ ಅದು ಹಾಲು ಕುಡಿದ ಕೂಡಲೇ ಸುರು ಮಾಡಿರಿ. ನಿಮ್ಮ ಮನೆಯಲ್ಲಿ ಎದ್ದು ಓಡಾಡಲಾಗದ ಹಿರಿಯರಿದ್ದರೆ ಅದಕ್ಕೂ ಮೊದಲು, ಇವತ್ತೇ, ಅವರ ಹತ್ತಿರ ಕುಳಿತು ಏನು ಬೇಕೆಂದು ನೀವಾಗಿಯೇ ಕೇಳಿರಿ.